ಬೇಸಿಗೆಗೆ ತೋಟದ ತೊಟ್ಟಿ ತುಂಬುವ ಮುನ್ನ

ಮಾರ್ಚ್ ಕಳೆದು ಪರೀಕ್ಷೆಗಳು ಮುಗಿದವೆಂದರೆ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಊರುಗಳಲ್ಲಿ ಮಕ್ಕಳ ಕಣ್ಣೆಲ್ಲ ನೀರಿನ ಮೇಲೆ. ನಾಲೆಯಲ್ಲಿ ನೀರು ಹರಿಯುತ್ತಿದ್ದರೆ ಅಲ್ಲಿಗೇ ಓಡುವವರುಂಟು. ಇಳಿಜಾರು ದಡ, ಅದರ ಮೇಲೆ ಪಾಚಿ, ನೋಡಲು ಶಾಂತವಾಗಿದ್ದರೂ ಒಳಗೆ ಸೆಳೆತ. ಈಜು ಬಲ್ಲವರೂ ಅಲ್ಲಿ ಬಿದ್ದರೆ ದಡ ಹತ್ತುವುದು ಕಷ್ಟ. ಅದಕ್ಕಿಂತ ಪಂಪ್‌ಸೆಟ್ ಪಕ್ಕದ ತೊಟ್ಟಿಯೇ ವಾಸಿ ಎಂದು ಹಿರಿಯರು ಹೇಳುತ್ತಾರೆ. ಮಾತು ಸರಿಯಾದದ್ದೇ. ಆದರೆ ತೊಟ್ಟಿಯಲ್ಲಿ ಅಪಾಯವಿಲ್ಲವೆಂದು ಅದರ ಅರ್ಥವಲ್ಲ.

ಶೀತ ದೇಶಗಳಲ್ಲಿ ಮನೆಯ ಹಿತ್ತಲಲ್ಲಿ, ನೆಲದ ಮೇಲೆಯೇ ನಿಲ್ಲಿಸಿದ ಈಜುಕೊಳಗಳಿರುತ್ತವೆ. ಚಳಿಗಾಲದಲ್ಲಿ ಮುಚ್ಚಿಟ್ಟು ವಸಂತದಲ್ಲಿ ತೆರೆಯುತ್ತಾರೆ. ನಮ್ಮ ತೋಟದ ತೊಟ್ಟಿಯೂ ನೆಲದ ಮೇಲಿನದೇ. ಮೂರು ಫೇಸ್ ವಿದ್ಯುತ್ ಬಂದಾಗ ನೀರೆತ್ತಿ ತುಂಬಿಸಿಟ್ಟು, ಬೇಕಾದಾಗ ಕಬ್ಬಿಗೋ ತರಕಾರಿಗೋ ಹಾಯಿಸಲು ಕಟ್ಟಿಕೊಂಡದ್ದು. ಅದು ಈಜುಕೊಳವಾಗುವುದು ರಜೆಯ ಎರಡು ತಿಂಗಳು ಮಾತ್ರ.

ಈಗ ಒಂದು ತೊಟ್ಟಿಯನ್ನು ಊಹಿಸಿಕೊಳ್ಳಿ. ಸೈಜುಗಲ್ಲಿನಲ್ಲಿ ಕಟ್ಟಿ ಸಿಮೆಂಟ್ ಬಳಿದದ್ದು. ಉದ್ದ 5 ಮೀಟರ್, ಅಗಲ 3 ಮೀಟರ್, ನೀರಿನ ಆಳ 1.2 ಮೀಟರ್. ತುಂಬಿದಾಗ ಅದರಲ್ಲಿ 18 ಘನ ಮೀಟರ್, ಅಂದರೆ 18,000 ಲೀಟರ್ ನೀರು. ತೂಕ 18 ಟನ್. ಈ ನೀರು ಉದ್ದನೆಯ ಗೋಡೆಯನ್ನು ಎಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ?

ಮೇಲ್ಮೈಯಲ್ಲಿ ನೀರಿನ ಒತ್ತಡ ಸೊನ್ನೆ. ತಳದಲ್ಲಿ ಅದು ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ಆಳಗಳ ಗುಣಲಬ್ಧ: 1000 × 9.8 × 1.2 = 11,760 ಪಾಸ್ಕಲ್. ಸರಾಸರಿ ಇದರ ಅರ್ಧ, 5,880 ಪಾಸ್ಕಲ್. ಇದನ್ನು ಗೋಡೆಯ 6 ಚದರ ಮೀಟರ್ ವಿಸ್ತೀರ್ಣದಿಂದ ಗುಣಿಸಿದರೆ 35,280 ನ್ಯೂಟನ್. ಇದು ಸುಮಾರು ಮೂರೂವರೆ ಟನ್ ತೂಕಕ್ಕೆ ಸಮ. ಲೆಕ್ಕದಲ್ಲಿ ತೊಟ್ಟಿಯ ಅಗಲ ಬರಲೇ ಇಲ್ಲವೆಂಬುದನ್ನು ಗಮನಿಸಿ. ಆಚೆ ಬದಿಯ ಗೋಡೆ 3 ಮೀಟರ್ ದೂರವಿದ್ದರೂ ಒಂದೇ, 3 ಕಿಲೋಮೀಟರ್ ದೂರವಿದ್ದರೂ ಒಂದೇ. ಕೃಷ್ಣರಾಜಸಾಗರದ ನೀರಿನಲ್ಲೂ 1.2 ಮೀಟರ್ ಕೆಳಗೆ ಇರುವುದು ಇದೇ 11,760 ಪಾಸ್ಕಲ್. ಇದನ್ನು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ಸುಲಭವಾಗಿ ನಂಬುವುದಿಲ್ಲ. ನಂಬದಿರುವುದೂ ಒಳ್ಳೆಯದೇ, ಲೆಕ್ಕ ಮಾಡಿ ನೋಡುತ್ತಾರೆ.

ಗೋಡೆ ಉರುಳುವುದು ಅದರ ಬುಡದ ಸುತ್ತ. ಆದ್ದರಿಂದ ಬಲದ ಜೊತೆಗೆ, ಆ ಬಲ ಬುಡದಿಂದ ಎಷ್ಟು ಎತ್ತರದಲ್ಲಿ ವರ್ತಿಸುತ್ತದೆ ಎಂಬುದೂ ಮುಖ್ಯ. ನೀರಿನ ಒಟ್ಟು ಬಲ ತಳದಿಂದ ಆಳದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ ವರ್ತಿಸುತ್ತದೆ, ಇಲ್ಲಿ 0.4 ಮೀಟರ್. ಎರಡನ್ನೂ ಗುಣಿಸಿದರೆ ಉರುಳಿಸುವ ಬಲಾಘೂರ್ಣ ಸುಮಾರು 14,100 ನ್ಯೂಟನ್-ಮೀಟರ್. ನೀರು ಅರ್ಧವೇ, ಅಂದರೆ 60 ಸೆಂಟಿಮೀಟರ್ ಇದ್ದರೆ? ಬಲ ಕಾಲು ಭಾಗಕ್ಕೆ, 8,820 ನ್ಯೂಟನ್‌ಗೆ ಇಳಿಯುತ್ತದೆ. ಅದು ವರ್ತಿಸುವ ಎತ್ತರವೂ ಅರ್ಧವಾಗುತ್ತದೆ. ಬಲಾಘೂರ್ಣ 1,764, ಎಂದರೆ ಎಂಟನೇ ಒಂದು ಭಾಗ ಮಾತ್ರ. ಬಲ ಆಳದ ವರ್ಗಕ್ಕೆ ಅನುಗುಣ, ಬಲಾಘೂರ್ಣ ಆಳದ ಘನಕ್ಕೆ ಅನುಗುಣ.

ಈ ಘನದ ನಿಯಮವನ್ನು ನಾನು ಪುಸ್ತಕಕ್ಕಿಂತ ಮೊದಲು ಕಣ್ಣಾರೆ ಕಂಡವನು. ನಾನು ಹುಡುಗನಾಗಿದ್ದಾಗ ನಮ್ಮ ನೆಂಟರ ತೋಟದಲ್ಲಿ, ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದ ತೊಟ್ಟಿಯನ್ನು ಸಂಜೆ ಅರ್ಧ ತುಂಬಿಸಿದರು. ಒಂದು ಹನಿಯೂ ಸೋರಲಿಲ್ಲ. 'ಗಟ್ಟಿಯಾಗೈತೆ ಬಿಡು' ಎಂದು ಮಾತಾಡಿಕೊಂಡು, ರಾತ್ರಿ ಕರೆಂಟಿಗೆ ಮೋಟಾರು ಹಾಕಿ ಮಲಗಿದರು. ಬೆಳಗಿನ ಜಾವ ಗೋಡೆ ಹೊರಕ್ಕೆ ಬಿದ್ದಿತ್ತು. ಅದರ ಮಗ್ಗುಲಲ್ಲೇ ಕಟ್ಟಿದ್ದ ಕರು ಉಳಿಯಲಿಲ್ಲ. ಅರ್ಧ ತುಂಬಿದಾಗ ನಿಂತ ಗೋಡೆ ಎಂಟರಲ್ಲಿ ಒಂದು ಪಾಲಿನ ಪರೀಕ್ಷೆಯನ್ನಷ್ಟೇ ದಾಟಿತ್ತು ಎಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ.

ಆದ್ದರಿಂದ ಮೊದಲು ತೊಟ್ಟಿಯನ್ನು ಖಾಲಿ ಮಾಡಿ, ಮೂಲೆಗಳನ್ನೂ ಗೋಡೆಯ ಬುಡವನ್ನೂ ಒಳಗಿನಿಂದ ನೋಡಿ. ಬಿರುಕು ಸಾಮಾನ್ಯವಾಗಿ ಅಲ್ಲೇ ಹುಟ್ಟುವುದು. ದುಂಡನೆಯ ತೊಟ್ಟಿಗೆ ಈ ಕಾಟ ಕಡಿಮೆ. ಅದರ ಗೋಡೆ ಬಾಗುವುದಿಲ್ಲ, ಗಾಡಿಚಕ್ರದ ಕಬ್ಬಿಣದ ಪಟ್ಟಿಯಂತೆ ಸುತ್ತಲೂ ಸಮನಾಗಿ ಬಿಗಿಯುತ್ತದೆ. ಪ್ಲಾಸ್ಟಿಕ್ ಹಾಳೆಯ ಈಜುಕೊಳಗಳು ಅಷ್ಟು ತೆಳುವಾಗಿದ್ದೂ ನಿಲ್ಲುವುದು ಇದರಿಂದಲೇ. ಅವಕ್ಕೆ ನೆಲ ಮಾತ್ರ ಮಟ್ಟಸವಾಗಿರಬೇಕು.

ಖಾಲಿ ಮಾಡುವುದು ನೀರಿನ ದಂಡ ಎನ್ನುವವರಿದ್ದಾರೆ. ಹಳೆಯ ನೀರಿಗೇ ಹೊಸ ನೀರು ಬಿಟ್ಟು, ಹೆಚ್ಚಾದದ್ದು ಹೊರಗೆ ಹರಿದರೆ ಸಾಲದೇ? ಸಾಲದು. ನೀರು ಚೆನ್ನಾಗಿ ಬೆರೆಯುತ್ತದೆ ಎಂದುಕೊಂಡರೆ, ಒಂದು ತೊಟ್ಟಿಯಷ್ಟು ಹೊಸ ನೀರು ಹಾದುಹೋದ ಮೇಲೂ ಕೊಳೆಯ ಶೇ. 37 ಭಾಗ ಉಳಿದೇ ಇರುತ್ತದೆ. ವಿಕಿರಣ ಕ್ಷಯದ ಪಾಠದಲ್ಲಿ ಬರುವ ಘಾತೀಯ ನಿಯಮವೇ ಇಲ್ಲಿಯೂ. ಕೊಳೆಯನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಲು 4.6 ತೊಟ್ಟಿ ನೀರು ಬೇಕು! ಹಳೆಯ ನೀರನ್ನು ಕಬ್ಬಿಗೆ ಬಿಟ್ಟು, ಹೂಳು ತೆಗೆದು, ಪಾಚಿಯನ್ನು ಕಡ್ಡಿ ಪೊರಕೆಯಿಂದ ಉಜ್ಜಿ ತುಂಬಿಸಿದರೆ ಒಂದೇ ತೊಟ್ಟಿ ಸಾಕು.

ಮಕ್ಕಳಿಗಾಗಿ ತುಂಬುವಾಗ 1.2 ಮೀಟರ್ ಬೇಡ, 75 ಸೆಂಟಿಮೀಟರ್ ಸಾಕು. ಉರುಳಿಸುವ ಬಲಾಘೂರ್ಣ ಕಾಲು ಭಾಗಕ್ಕಿಳಿಯುತ್ತದೆ. ಆರು ವರ್ಷದ ಮಗುವೂ ತಲೆ ಮೇಲಿಟ್ಟು ನಿಲ್ಲಬಹುದು. ವಕ್ರೀಭವನದ ಮೋಸವನ್ನೂ ಮಕ್ಕಳಿಗೆ ಹೇಳಿಕೊಡಿ. ನೀರಿನ ವಕ್ರೀಭವನಾಂಕ 1.33 ಆದ್ದರಿಂದ ನೇರ ಮೇಲಿನಿಂದ ನೋಡಿದರೆ ಆಳ ಮುಕ್ಕಾಲು ಭಾಗವಾಗಿ ಕಾಣುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. 1.2 ಮೀಟರ್ ನೀರು 90 ಸೆಂಟಿಮೀಟರಿನಂತೆ ತೋರುತ್ತದೆ. 'ನನಗೆ ಎದೆಮಟ್ಟ' ಎಂದು ಇಳಿದ ಹುಡುಗನಿಗೆ ಅದು ಮೂಗಿನ ಮಟ್ಟ.

ಇನ್ನು ಬ್ಲೀಚಿಂಗ್ ಪುಡಿ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಎಂದು ಹಿಡಿದರೆ, 75 ಸೆಂಟಿಮೀಟರ್ ಆಳದ 11,250 ಲೀಟರಿಗೆ 22.5 ಗ್ರಾಂ ಬೇಕು. ಹೊಸ ಪುಡಿಯಲ್ಲಿ ಬಳಕೆಗೆ ಸಿಗುವ ಕ್ಲೋರಿನ್ ಸುಮಾರು ಶೇ. 30, ಆದ್ದರಿಂದ 75 ಗ್ರಾಂ ಪುಡಿ. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಬಕೆಟ್ಟಿನ ನೀರಿಗೆ ಪುಡಿ ಹಾಕಿ ಕದಡಿ, ತಂಗಿದ ಮೇಲೆ ತಿಳಿಯನ್ನಷ್ಟೇ ತೊಟ್ಟಿಗೆ ಬೆರೆಸಿ. ಇದನ್ನು ಸಂಜೆಯೇ ಮಾಡಬೇಕು, ಏಕೆಂದರೆ ಬಿಸಿಲಿನ ಅತಿನೇರಿಳೆ ಕಿರಣಗಳು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ಮುರಿಯುತ್ತವೆ. ರೋಗಾಣುಗಳನ್ನು ಮುಖ್ಯವಾಗಿ ಕೊಲ್ಲುವುದು ಹೈಪೊಕ್ಲೋರಸ್ ಆಮ್ಲ. ಪಿಹೆಚ್ 7.5ರಲ್ಲಿ ಕ್ಲೋರಿನ್ನಿನ ಅರ್ಧ ಭಾಗ ಈ ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಹತ್ತನೇ ಒಂದು ಭಾಗ. ಹಾಗೆಂದು ಆಸಿಡ್ಡನ್ನು ಪುಡಿಯೊಂದಿಗೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಮೋಟಾರಿಗೆ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ಒದ್ದೆಯಾದರೆ ದೇಹದ ರೋಧ ಸಾವಿರ ಓಮ್‌ನ ಆಸುಪಾಸಿಗೆ ಇಳಿಯುತ್ತದೆ. ಆಗ 230 ವೋಲ್ಟಿಗೆ ಹರಿಯುವ ವಿದ್ಯುತ್ 0.23 ಆಂಪೇರ್. ಹೃದಯದ ಲಯ ತಪ್ಪಿಸಲು ಅದರ ಅರ್ಧವೂ ಸಾಕು. ಮಕ್ಕಳು ತೊಟ್ಟಿಗೆ ಇಳಿಯುವ ಮೊದಲು ಸ್ಟಾರ್ಟರ್ ಅಲ್ಲ, ಮುಖ್ಯ ಸ್ವಿಚ್ಚನ್ನೇ ಇಳಿಸಿ. ಅವರು ಹೊರಬರುವವರೆಗೆ ನೀರು ಬಿಡುವ ಮಾತೇ ಬೇಡ.

ಕೊನೆಗೆ ತಳದಲ್ಲಿ ಒಂದು ಸ್ಟೀಲ್ ತಟ್ಟೆ ಇಟ್ಟು ದಡದಿಂದ ನೋಡಿ. ಅದರ ಅಂಚು ಸ್ಪಷ್ಟವಾಗಿ ಕಾಣದಿದ್ದರೆ, ಮುಳುಗಿದ ಮಗುವೂ ಕಾಣುವುದಿಲ್ಲ. ಆ ದಿನ ಯಾರನ್ನೂ ಇಳಿಸಬೇಡಿ. ಕಂಡರೆ, ಈಜು ಬಲ್ಲ ದೊಡ್ಡವರೊಬ್ಬರು ಗೋಡೆಯ ಮೇಲೆ ಕುಳಿತಿರಲಿ, ಮೊಬೈಲು ಮನೆಯಲ್ಲೇ ಇರಲಿ.