ರಾತ್ರಿ ಹತ್ತಕ್ಕೆ, 92ರಲ್ಲಿ

ಅಮೆರಿಕದ ಅರಿಜೋನಾದಲ್ಲೊಂದು ಹೊಸ ಬಡಾವಣೆ. ಹೆಸರು ಪ್ಯಾರಡೈಸ್ ಹಿಲ್ಸ್. ಒಂದೇ ಅಚ್ಚಿನ ಮನೆಗಳು, ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು, ಬೀದಿಯಲ್ಲಿ ನರಪಿಳ್ಳೆಯಿಲ್ಲ. ರಾತ್ರಿ ಹತ್ತಾಯಿತೆಂದರೆ ಮಕ್ಕಳ ಕೋಣೆಗಳ ಬಾಗಿಲು ಮುಚ್ಚಿಕೊಳ್ಳುತ್ತವೆ, ರೇಡಿಯೊ ಮುಳ್ಳು 92ರ ಆಸುಪಾಸಿನಲ್ಲಿ ತಡಕಾಡತೊಡಗುತ್ತದೆ. ಗೊರಗೊರ ಸದ್ದು. ಅದನ್ನು ಸೀಳಿಕೊಂಡು ಲೆನರ್ಡ್ ಕೋಹೆನ್‌ನ ತಳ ಮುಟ್ಟುವ ದನಿ. ಹಾಡು ತಗ್ಗುತ್ತಿದ್ದಂತೆ ಹ್ಯಾರಿ ಎಂದು ಹೇಳಿಕೊಳ್ಳುವ ಹುಡುಗ ಬಾಯಿ ಬಿಡುತ್ತಾನೆ: ಪೋಲಿ ಮಾತು, ಶಾಲೆಯ ಚಾಡಿ, ಸಿಟ್ಟು, ನಡುನಡುವೆ ಯಾರೂ ಕೇಳಬಾರದಂಥ ಒಂಟಿತನ.

ಆಲನ್ ಮಾಯ್ಲ್ ಬರೆದು ನಿರ್ದೇಶಿಸಿದ 1990ರ ‘ಪಂಪ್ ಅಪ್ ದ ವಾಲ್ಯೂಮ್’ ತೆರೆದುಕೊಳ್ಳುವುದು ಹೀಗೆ. ಹ್ಯಾರಿಯ ನಿಜವಾದ ಹೆಸರು ಮಾರ್ಕ್ ಹಂಟರ್; ಪಾತ್ರ ಕ್ರಿಶ್ಚಿಯನ್ ಸ್ಲೇಟರ್‌ನದು. ಪೂರ್ವ ತೀರದಿಂದ ಊರು ಬಿಟ್ಟು ಬಂದ ಮಗ ಹಳೆಯ ಗೆಳೆಯರ ಜೊತೆ ಮಾತಾಡಿಕೊಂಡಿರಲಿ ಎಂದು ಅಪ್ಪ ಅಮ್ಮ ಕೊಡಿಸಿದ ಶಾರ್ಟ್‌ವೇವ್ ಸೆಟ್ಟೇ ನೆಲಮಾಳಿಗೆಯಲ್ಲಿ ಕಳ್ಳ ಬಾನುಲಿಯಾಗಿದೆ. ಅಪ್ಪನೋ, ಶಾಲಾ ಆಡಳಿತದ ದೊಡ್ಡ ಅಧಿಕಾರಿ!

ಹಗಲಿನ ಮಾರ್ಕ್‌ನನ್ನು ನೋಡಬೇಕು. ಕನ್ನಡಕ, ಬಗ್ಗಿದ ಕತ್ತು, ಗೋಡೆಗೆ ಒರಗಿಕೊಂಡೇ ನಡೆಯುವ ನಡಿಗೆ. ಹುಡುಗಿಯೊಬ್ಬಳು ಎದುರು ಬಂದರೆ ನಾಲಿಗೆಯೇ ಏಳದು. ಹ್ಯಾರಿ ಬಾನುಲಿಯಲ್ಲಿ ಪ್ರಸ್ತಾಪಿಸಿದ, ಹಾಸ್ಯಗಾರ ಲೆನಿ ಬ್ರೂಸ್‌ನ ಪುಸ್ತಕ ಇವನ ಕೈಯಲ್ಲಿದ್ದುದನ್ನು ಲೈಬ್ರರಿಯಲ್ಲಿ ಕಂಡು ಅದೇ ಶಾಲೆಯ ನೋರಾ ಗುಟ್ಟಿನ ಜಾಡು ಹಿಡಿಯುತ್ತಾಳೆ. ಅವಳು ಎದುರಿಗೆ ನಿಂತಾಗ ಊರಿಗೆಲ್ಲ ಬೈಯುವ ಶೂರ ಬೆವರುತ್ತಾನೆ. ಸಮಾಂತಾ ಮ್ಯಾಥಿಸ್ ಆ ಹುಡುಗಿಯ ಪಾತ್ರವನ್ನು ಎಂಥ ತುಂಟ ಧೈರ್ಯದಿಂದ ಅಭಿನಯಿಸಿದ್ದಾಳೆಂದರೆ, ನನಗಂತೂ ಚಿತ್ರದ ನಿಜವಾದ ಬಂಡಾಯಗಾರ್ತಿ ಅವಳೇ ಅನ್ನಿಸುತ್ತದೆ.

ಆದರೆ ಕ್ಯಾಮೆರಾಕ್ಕೆ ಮಾತಾಡುವವನಿಗಿಂತ ಕೇಳುವವರ ಮೇಲೆ ಪ್ರೀತಿ. ಹಾಸಿಗೆಯ ಮೇಲೆ ಬೋರಲು ಬಿದ್ದವರು, ಬಯಲಲ್ಲಿ ಕಾರು ನಿಲ್ಲಿಸಿಕೊಂಡು ಗುಂಪುಗೂಡಿದವರು, ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಮಾರನೆಯ ದಿನ ಶಾಲೆಯ ಅಂಗಳದಲ್ಲಿ ಹಾಕುವವರು. ಸಾಯಲೇ ಎಂದು ತನಗೆ ಪತ್ರ ಬರೆದ ಮಾಲ್ಕಮ್ ಎಂಬ ಹುಡುಗನಿಗೆ ಹ್ಯಾರಿ ಫೋನ್ ಮಾಡುತ್ತಾನೆ. ಚುರುಕು ಮಾತಿನ ಹ್ಯಾರಿಗೆ ಅಂದು ಏನು ಹೇಳಬೇಕೆಂದು ತೋಚುವುದಿಲ್ಲ. ಆ ಹುಡುಗ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಪೋಲಿತನದ ಬಣ್ಣ ಬದಲಾಗುತ್ತದೆ. ಎಲ್ಲದರಲ್ಲೂ ಮೊದಲಿಗಳಾದ ಪೇಜ್ ತನ್ನ ಪದಕಗಳನ್ನೆಲ್ಲ ಮೈಕ್ರೋವೇವ್ ಒಲೆಗೆ ತುರುಕಿ ಗುಂಡಿ ಒತ್ತುತ್ತಾಳೆ. ಒಲೆ ಸಿಡಿಯುತ್ತದೆ, ಅವಳಿಗೂ ಗಾಯ.

ಶಾಲೆಯ ಹೊಟ್ಟೆಯೊಳಗಿನ ಹುಳುಕೂ ಹೊರಬೀಳುತ್ತದೆ. ಪ್ರಾಂಶುಪಾಲೆ ಕ್ರೆಸ್‌ವುಡ್ ಕಡಿಮೆ ಅಂಕದ ಮಕ್ಕಳನ್ನು ನೆಪ ಹುಡುಕಿ ಹೊರದಬ್ಬಿ ಫಲಿತಾಂಶ ಏರಿಸುತ್ತಿದ್ದಾಳೆ, ಸರ್ಕಾರದ ದುಡ್ಡು ಮಾತ್ರ ಅವರ ತಲೆ ಲೆಕ್ಕದಲ್ಲೇ ಬರುತ್ತಿದೆ. ಈ ಭಾಗ ಕೊಂಚ ಸಲೀಸಾಯಿತು; ಖಳಪಾತ್ರಕ್ಕೆ ಇನ್ನಷ್ಟು ಮಾಂಸ ಬೇಕಿತ್ತು.

ತರಂಗಗಳ ಕಾವಲಿಗಿರುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಬೇಟೆಗಿಳಿಯುತ್ತದೆ. ನಿಂತಲ್ಲೇ ನಿಂತ ಪ್ರಸಾರ ಬರುವ ದಿಕ್ಕನ್ನು ಗುರುತಿಸುವುದು ಸುಲಭ. ಹಾಗಾಗಿ ಮಾರ್ಕ್ ಸರಂಜಾಮನ್ನೆಲ್ಲ ಅಮ್ಮನ ಜೀಪಿಗೆ ಕಟ್ಟುತ್ತಾನೆ. ನೋರಾ ಓಡಿಸುತ್ತಾಳೆ, ಇವನು ಹಿಂದೆ ಕೂತು ಮಾತಾಡುತ್ತಾನೆ. ಕುಲುಕಾಟದಲ್ಲಿ ದನಿ ಬದಲಿಸುವ ಯಂತ್ರ ಕೈಕೊಡುತ್ತದೆ. ಅಲ್ಲಿಯವರೆಗೆ ಗಡಸಾಗಿ ಗುಡುಗಿದ ಹ್ಯಾರಿ ಮಾಯ. ತೆಳ್ಳಗಿನ, ನಡುಗುವ, ಅವನದೇ ಗಂಟಲು. ಶಾಲೆಯ ಬಯಲಲ್ಲಿ ನೆರೆದ ಹುಡುಗ ಹುಡುಗಿಯರು ತಲೆಯೆತ್ತಿ ನೋಡುತ್ತಾರೆ: ಅಯ್ಯೋ, ಇವನಾ!

ಪೊಲೀಸರು ಇಬ್ಬರನ್ನೂ ವ್ಯಾನಿಗೆ ಹತ್ತಿಸುತ್ತಾರೆ. ಪರದೆ ಕಪ್ಪಾದರೂ ಸದ್ದು ನಿಲ್ಲುವುದಿಲ್ಲ. ಒಂದು ಹೊಸ ಕಳ್ಳ ಬಾನುಲಿ, ಅದರ ಮೇಲೆ ಇನ್ನೊಂದು, ಮತ್ತೊಂದು; ದೇಶದ ಮೂಲೆಮೂಲೆಯಿಂದ ಹರೆಯದ ದನಿಗಳು ಒಂದನ್ನೊಂದು ತಳ್ಳಿಕೊಂಡು ಗದ್ದಲ ಎಬ್ಬಿಸುತ್ತವೆ. ಹಿಡಿಯಲು ಎಫ್‌ಸಿಸಿ ಇನ್ನೆಷ್ಟು ವ್ಯಾನು ಕಳಿಸಬೇಕೋ!