ವಿರಳ ವರ್ಣತಂತು ದ್ವಿಗುಣತೆ ಮತ್ತು ವಿಕಲಚೇತನರ ಪ್ರಮಾಣಪತ್ರ

ವರ್ಣತಂತುವಿನ (ಕ್ರೋಮೋಸೋಮಿನ) ಒಂದು ಭಾಗವು ಹೆಚ್ಚುವರಿಯಾಗಿರುವ ಸ್ಥಿತಿಯೇ ದ್ವಿಗುಣತೆ. ಇದು ತಂದೆ-ತಾಯಿಯಿಂದ ಬಂದಿರಬಹುದು ಅಥವಾ ಮಗುವಿನಲ್ಲಿ ಹೊಸದಾಗಿ ಉಂಟಾಗಿರಬಹುದು. 15ನೇ ವರ್ಣತಂತುವಿನ ನಿರ್ದಿಷ್ಟ ಭಾಗದ ದ್ವಿಗುಣತೆಯಲ್ಲಿ ಸ್ನಾಯುಗಳ ಸಡಿಲತೆ, ಮಾತು-ನಡಿಗೆಯ ವಿಳಂಬ, ಮೂರ್ಛೆರೋಗ, ಆಟಿಸಂ ಕಂಡುಬರಬಹುದು. 22ನೇ ವರ್ಣತಂತುವಿನ ದ್ವಿಗುಣತೆಯುಳ್ಳ ಕೆಲವರಿಗೆ ಯಾವ ತೊಂದರೆಯೂ ಇರುವುದಿಲ್ಲ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 21 ವಿಧಗಳ ಪಟ್ಟಿಯಲ್ಲಿ ದ್ವಿಗುಣತೆಯ ಹೆಸರಿಲ್ಲ. ಆದುದರಿಂದ ವರ್ಣತಂತು ಪರೀಕ್ಷೆಯ ವರದಿಯೊಂದರಿಂದಲೇ ಪ್ರಮಾಣಪತ್ರ ದೊರೆಯುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಅರ್ಹತೆ ತಪ್ಪುವುದೂ ಇಲ್ಲ. ಬೌದ್ಧಿಕ ವೈಕಲ್ಯ, ಆಟಿಸಂ ಮುಂತಾದ ಪರಿಣಾಮಗಳ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ನಿರ್ಧರಿಸುತ್ತದೆ.

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಅರ್ಜಿದಾರರು ಯು.ಡಿ.ಐ.ಡಿ. ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ತಳಿವಿಜ್ಞಾನ ಸಲಹೆಯು ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಲಭ್ಯವಿರುತ್ತದೆ.