ತೋಟಕ್ಕೆ ಬಿಸಿಲಿನ ಲೆಕ್ಕ

ಪುತ್ತೂರು, ಸುಳ್ಯ, ಕಡಬಗಳ ಅಡಕೆ ತೋಟವನ್ನು ಹೊಕ್ಕ ಪಟ್ಟಣಿಗನಿಗೆ ಮೊದಲು ಸೋಕುವುದು ಅಲ್ಲಿಯ ತಂಪು. ಅದು ತಾನಾಗಿ ಒದಗಿದ ಭಾಗ್ಯವೆಂದು ಅವನು ಭಾವಿಸಬಹುದು. ಆದರೆ ಆ ನೆರಳಿನ ಹಿಂದೆ ಸೂರ್ಯನ ಗತಿಯನ್ನರಿತ ಕೃಷಿಕನ ಲೆಕ್ಕಾಚಾರವಿದೆ.

ಅಡಕೆ ಮರವು ತಲೆಯ ಮೇಲೆ ಬಿಸಿಲನ್ನು ತಾಳುತ್ತದೆ, ಮೈಮೇಲೆ ತಾಳದು. ಈ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯನು ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆಗ ಬಹುಕಾಲ ಮಳೆಮೋಡವೇ ಕೊಡೆ ಹಿಡಿದಿರುತ್ತದೆ. ಮಳೆ ತೀರಿದ ಮೇಲೆ ಅವನು ದಕ್ಷಿಣಕ್ಕೆ ಸರಿದಿರುವುದರಿಂದ, ಅಪರಾಹ್ನದ ಓರೆ ಬಿಸಿಲು ನೈಋತ್ಯದಿಂದ ಬಂದು ಕಾಂಡವನ್ನೇ ಸುಡುತ್ತದೆ. ಮೊದಲು ಹಳದಿಯ ಕಲೆ, ಬಳಿಕ ಕಂದು ಬಣ್ಣ, ಕೊನೆಗೆ ಬಿರುಕು. ಅಂತಹ ಮರವು ಒಂದು ಗಾಳಿಗೆ ಮುರಿದುಬಿದ್ದರೆ, ಅದರ ಎಡೆಯಲ್ಲಿ ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಕಾಯಬೇಕು. ಅಷ್ಟರಲ್ಲಿ ಆ ತೆರಪಿನಿಂದ ನುಗ್ಗಿದ ಬಿಸಿಲು ಹಿಂದಿನ ಮರವನ್ನೂ ಸುಡಬಹುದು.

ಆದಕಾರಣ ಸಾಲು ಹಿಡಿಯುವಾಗಲೇ ಎಚ್ಚರಿಕೆ ಅವಶ್ಯ. ಉತ್ತರ-ದಕ್ಷಿಣ ರೇಖೆಯನ್ನು ಪಶ್ಚಿಮದ ಕಡೆಗೆ 35 ಡಿಗ್ರಿ ವಾಲಿಸಿ, 2.7 ಮೀಟರು ಅಂತರದಲ್ಲಿ ಸಸಿ ನೆಡಬೇಕೆಂಬುದು ತಜ್ಞರ ಸಲಹೆ. ಹೀಗೆ ನೆಟ್ಟಾಗ ಮುಂದಿನ ಮರದ ನೆರಳು ಹಿಂದಿನ ಮರಕ್ಕೆ ರಕ್ಷೆಯಾಗುತ್ತದೆ. ಅಂಚಿನ ಮರಗಳಿಗೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುವುದು, ಸುಣ್ಣ ಬಳಿಯುವುದು ರೂಢಿಯಲ್ಲಿದೆ. ಎಳೆಯ ಸಸಿಗಳಿಗೆ ಬಾಳೆಯೇ ದಾದಿ.

ಒಬ್ಬರಿಗೆ ಹೆಚ್ಚಾದ ನೆರಳು ಇನ್ನೊಬ್ಬರಿಗೆ ಹಿತ. ಅಡಕೆಯ ಕೆಳಗೆ ಕೊಕ್ಕೊ ಸುಖವಾಗಿ ಬೆಳೆಯುತ್ತದೆ. 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆದುದು ಈ ನೆರಳಿನ ಬೆಳೆಯ ಬಲದಿಂದಲೇ. ಕಾಳುಮೆಣಸಿನ ಬಳ್ಳಿಯನ್ನು ಮರದ ಉತ್ತರ ಅಥವಾ ಈಶಾನ್ಯ ಮಗ್ಗುಲಲ್ಲಿ ಹಬ್ಬಿಸಿದರೆ ಎಲೆ ಸುಡದು. ಆದರೆ ಕತ್ತಲೆಯಂತಹ ನೆರಳಿನಲ್ಲಿ ಬಳ್ಳಿ ಸೊಂಪಾದರೂ ಕರೆ ವಿರಳ.

ಪಟ್ಟಣದ ಮನೆಯಂಗಳಕ್ಕೂ ಈ ನ್ಯಾಯವೇ ಸಲ್ಲುತ್ತದೆ. ದಾಸವಾಳ, ಮಲ್ಲಿಗೆಗಳು ದಕ್ಷಿಣದ ತೆರೆದ ಬಿಸಿಲಿನಲ್ಲಿ ಹೂಬಿಟ್ಟಾವು. ಜರಿಗಿಡ, ಆಂಥೂರಿಯಂಗಳಿಗೆ ಉತ್ತರದ ಗೋಡೆಯ ಮರೆ ಅಥವಾ ಪೂರ್ವದ ಎಳೆಬಿಸಿಲು ಸಾಕು. ಕುಂಡವನ್ನಾದರೂ ನಾಳೆ ಸರಿಸಬಹುದು. ಬೇರೂರಿದ ಮರವನ್ನು ಸರಿಸಲಾಗದು. ತಂದೆ ತಪ್ಪು ದಿಕ್ಕಿಗೆ ಹಿಡಿದ ಸಾಲಿನ ನಷ್ಟವನ್ನು ಮಕ್ಕಳೂ ತೆರಬೇಕಾಗುತ್ತದೆ. ಗುಂಡಿ ತೋಡುವ ಮೊದಲು ಒಂದು ಅಪರಾಹ್ನ ಅಂಗಳದಲ್ಲಿ ನಿಂತು ನೆರಳು ಎತ್ತ ಚಾಚುತ್ತದೆಂದು ನೋಡುವುದು ಲೇಸು.